ನಿರೀಶ್ವರವಾದ ಮತ್ತು ನೀತಿ (ಕರ್ನಾಟಕದಲ್ಲಿ)

ಜಗತ್ತನ್ನು ಸೃಷ್ಟಿಸಿ, ಕಾಯ್ದು, ಮನುಷ್ಯರ ಪಾಪಪುಣ್ಯಗಳಿಗೆ ತಕ್ಕ ಫಲ ಕೊಡುವ ಈಶ್ವರನಿದ್ದಾನೆ ಎಂಬುದನ್ನು ಒಪ್ಪದ ನಿಲುವು ನಿರೀಶ್ವರವಾದ. ಅಂಥ ಈಶ್ವರನನ್ನು ಆಧಾರವಾಗಿ ಇಟ್ಟುಕೊಳ್ಳದೆ, ಮನುಷ್ಯ ಏಕೆ ಒಳ್ಳೆಯದನ್ನು ಮಾಡಬೇಕು, ಏಕೆ ಮಾಡುತ್ತಾನೆ ಎಂಬುದನ್ನು ವಿವರಿಸುವ ವಿಚಾರಧಾರೆಯೇ ನಿರೀಶ್ವರ ನೀತಿ. ಕರ್ನಾಟಕದಲ್ಲಿ ಇದು ಆಧುನಿಕ ವಿಚಾರವಾದದೊಂದಿಗೆ ಹೊರಗಿನಿಂದ ಬಂದದ್ದಲ್ಲ. ಬೌದ್ಧರೂ ಜೈನರೂ ಸೃಷ್ಟಿಕರ್ತನನ್ನು ಬದಿಗಿಟ್ಟು ಕಟ್ಟಿದ ನೀತಿವ್ಯವಸ್ಥೆಗಳು ಸಾವಿರಕ್ಕೂ ಹೆಚ್ಚು ವರ್ಷ ಇಲ್ಲಿ ರಾಜಾಶ್ರಯ ಪಡೆದು ಬಾಳಿದವು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಅಗೆದು ತೆಗೆದ ಬೌದ್ಧ ಚೈತ್ಯ ಮತ್ತು ವಿಹಾರದ ಅವಶೇಷಗಳು ಈ ಪರಂಪರೆಯ ಮುಖ್ಯ ಕುರುಹುಗಳಲ್ಲಿ ಸೇರುತ್ತವೆ.

ಪರಿಭಾಷೆ

ಹಳೆಯ ಶಾಸ್ತ್ರಗ್ರಂಥಗಳಲ್ಲಿ ನಾಸ್ತಿಕನೆಂದರೆ ಪರಲೋಕವನ್ನಾಗಲಿ ವೇದಪ್ರಾಮಾಣ್ಯವನ್ನಾಗಲಿ ಒಪ್ಪದವನು. ಆ ಲೆಕ್ಕದಲ್ಲಿ ಬೌದ್ಧರು, ಜೈನರು, ಲೋಕಾಯತರು ನಾಸ್ತಿಕರು. ಸೃಷ್ಟಿಕರ್ತನನ್ನು ಒಪ್ಪದ ಪೂರ್ವಮೀಮಾಂಸಕರು ಮತ್ತು ಸಾಂಖ್ಯರು ಆಸ್ತಿಕರು. ಇಂದಿನ ಮಾತಿನಲ್ಲಿ ದೇವರನ್ನು ನಂಬದವನೇ ನಾಸ್ತಿಕ. ಎರಡು ಅರ್ಥಗಳು ಬೆರೆಯದಿರಲೆಂದು ಈ ಲೇಖನದಲ್ಲಿ ಈಶ್ವರನನ್ನು ಒಪ್ಪದವರನ್ನು ನಿರೀಶ್ವರವಾದಿ ಎಂದೇ ಕರೆಯಲಾಗಿದೆ. ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವನು ಅಜ್ಞೇಯವಾದಿ. ನಂಬಿಕೆಗಳನ್ನೆಲ್ಲ ಪುರಾವೆ ಮತ್ತು ತರ್ಕದಿಂದ ಪರೀಕ್ಷಿಸಬೇಕು ಎನ್ನುವವನು ವಿಚಾರವಾದಿ, ವಿಚಾರವಾದಿಗಳೆಲ್ಲ ನಿರೀಶ್ವರವಾದಿಗಳಾಗಿರಬೇಕೆಂದಿಲ್ಲ.

ಈಶ್ವರ ಮತ್ತು ದೇವತೆ ಎಂಬ ಭೇದವೂ ಇಲ್ಲಿ ಮುಖ್ಯ. ಬೌದ್ಧ, ಜೈನ ಗ್ರಂಥಗಳಲ್ಲಿ ಇಂದ್ರ, ಬ್ರಹ್ಮ, ಯಕ್ಷ, ಯಕ್ಷಿಯರು ಹೇರಳವಾಗಿ ಬರುತ್ತಾರೆ. ಅವರಿಗೂ ಹುಟ್ಟುಸಾವುಗಳುಂಟು, ಅವರೂ ಕರ್ಮಕ್ಕೆ ಅಧೀನರು. ಲೋಕವನ್ನು ಮಾಡಿದವರಾಗಲಿ ಮನುಷ್ಯರ ನಡತೆಗೆ ತೀರ್ಪು ಕೊಡುವವರಾಗಲಿ ಅವರಲ್ಲ. ಆದ್ದರಿಂದ ಒಂದು ನೆಲೆಯಲ್ಲಿ ದೇವತೆಯ ಮೂರ್ತಿ ಸಿಕ್ಕಿತೆಂಬ ಮಾತ್ರಕ್ಕೆ ಅಲ್ಲಿನ ನೀತಿ ಈಶ್ವರಾಧಾರಿತವಾಗಿತ್ತು ಎನ್ನಲು ಬರುವುದಿಲ್ಲ.

ರಾಜಘಟ್ಟದ ನೆಲೆ

ರಾಜಘಟ್ಟದ ದಿಬ್ಬವನ್ನು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ವಿಭಾಗವು ಎಂ.ಎಸ್. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ 2001ರಲ್ಲಿಯೂ 2004ರಲ್ಲಿಯೂ ಉತ್ಖನನ ಮಾಡಿತು. ಇಟ್ಟಿಗೆಯ ಕಟ್ಟಡಗಳ ತಳಪಾಯಗಳು ಹೊರಬಂದವು: ಪೂಜೆಗೆ ಒಂದು ಚೈತ್ಯ, ಭಿಕ್ಷುಗಳ ವಾಸಕ್ಕೆ ಒಂದು ವಿಹಾರ. ಇವು ಗಂಗರ ಆಳ್ವಿಕೆಯ ಮೊದಲ ಶತಮಾನಗಳಿಗೆ ಸೇರಿದವು. ಈ ಉತ್ಖನನಕ್ಕೆ ಮುಂಚೆ ದಕ್ಷಿಣ ಕರ್ನಾಟಕದಲ್ಲಿ ಬೌದ್ಧರ ನೆಲೆಗಳು ಅಷ್ಟಾಗಿ ಬೆಳಕಿಗೆ ಬಂದಿರಲಿಲ್ಲ. ಸನ್ನತಿ, ಬನವಾಸಿ, ಬಳ್ಳಿಗಾವೆ, ಡಂಬಳಗಳ ಹೆಸರೇ ಎಲ್ಲ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಇದೇ ತಾಲ್ಲೂಕಿನ ಮೇಳೆಕೋಟೆಯಲ್ಲಿ ದೊರೆತ ತಾಮ್ರಶಾಸನ ಗಂಗ ಅರಸ ತಡಂಗಾಲ ಮಾಧವನು ಬೌದ್ಧರಿಗೆ ಕೊಟ್ಟ ದತ್ತಿಯನ್ನು ತಿಳಿಸುತ್ತದೆ. ಶಾಸನದ ಮಾತಿಗೆ ನೆಲದಡಿಯ ಸಾಕ್ಷಿ ದೊರೆತದ್ದು ರಾಜಘಟ್ಟದಲ್ಲಿ.

ಉತ್ಖನನದಲ್ಲಿ ಸಿಕ್ಕಿದ ವಸ್ತುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಸೆಳೆದವು ಹಸಿಮಣ್ಣಿನಿಂದ ಅಚ್ಚುಕಟ್ಟಾಗಿ ಮಾಡಿದ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಹರಕೆಯ ಸ್ತೂಪಗಳು. ನೂರಾರು ಸಂಖ್ಯೆಯಲ್ಲಿದ್ದ ಇವುಗಳ ಒಡಲಲ್ಲಿ ಬ್ರಾಹ್ಮಿಯಿಂದ ಬೆಳೆದ ಲಿಪಿಯಲ್ಲಿ ಬೌದ್ಧ ಪಾಠವನ್ನು ಅಚ್ಚೊತ್ತಿದ ಮಣ್ಣಿನ ಪುಟ್ಟ ಬಿಲ್ಲೆಗಳು ಅಡಗಿದ್ದವು. ಒಮ್ಮೆ ಸ್ತೂಪದೊಳಗೆ ಮುಚ್ಚಿಟ್ಟ ಮೇಲೆ ಆ ಅಕ್ಷರಗಳನ್ನು ಯಾರೂ ಓದುವಂತಿಲ್ಲ. ಓದಿಸಲೆಂದು ಅವನ್ನು ಬರೆದದ್ದೂ ಅಲ್ಲ. ನಳಂದದಿಂದ ಆಗ್ನೇಯ ಏಷ್ಯದವರೆಗೆ ಇಂಥ ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ಬರುವ ಪಾಠವೆಂದರೆ ಪ್ರತೀತ್ಯಸಮುತ್ಪಾದ ಗಾಥೆ. ಯಾವುದೆಲ್ಲ ಒಂದು ಕಾರಣದಿಂದ ಹುಟ್ಟುತ್ತದೋ ಅದರ ಕಾರಣವನ್ನೂ ಅದು ಇಲ್ಲವಾಗುವ ಬಗೆಯನ್ನೂ ಬುದ್ಧ ಹೇಳಿದ್ದಾನೆ ಎಂಬುದು ಅದರ ತಾತ್ಪರ್ಯ. ಬೌದ್ಧ ಗ್ರಂಥಗಳ ಪ್ರಕಾರ ಅಶ್ವಜಿತ್ ಎಂಬ ಭಿಕ್ಷು ಇದನ್ನು ಶಾರಿಪುತ್ರನಿಗೆ ಹೇಳಿದ. ಅಷ್ಟನ್ನು ಕೇಳಿಯೇ ಆತನಿಗೆ ಧರ್ಮದ ಕಣ್ಣು ತೆರೆಯಿತು. ಅದರಲ್ಲಿ ಸೃಷ್ಟಿಕರ್ತನ ಹೆಸರಿಲ್ಲ, ವರವಿಲ್ಲ, ಶಾಪವಿಲ್ಲ. ಬುದ್ಧನೂ ಅಲ್ಲಿ ಕಾರಣವನ್ನು ತೋರಿಸಿಕೊಟ್ಟವನು ಮಾತ್ರ.

ರಾಜಘಟ್ಟದ ಸಾಕ್ಷ್ಯದ ಬೆಲೆ ಇರುವುದು ಸಿದ್ಧಾಂತ, ಆಚರಣೆ ಎರಡೂ ಒಂದೇ ಮಣ್ಣಿನ ಮುದ್ದೆಯಲ್ಲಿ ಕೂಡಿರುವುದರಲ್ಲಿ. ಸಿದ್ಧಾಂತದಲ್ಲಿ ಈಶ್ವರನಿಲ್ಲ, ಆಚರಣೆಯಲ್ಲಿ ಹರಕೆಯುಂಟು, ಪುಣ್ಯಸಂಪಾದನೆಯುಂಟು, ಭಕ್ತಿಯುಂಟು. ನಿರೀಶ್ವರ ನೀತಿಯೆಂದರೆ ಬರಿಯ ತರ್ಕ, ಅದಕ್ಕೆ ಜನಸಾಮಾನ್ಯರ ಆಚಾರ ದಕ್ಕದು ಎಂಬ ಆಕ್ಷೇಪಕ್ಕೆ ಈ ಸ್ತೂಪಗಳೇ ಸಮಾಧಾನ. ಅದೇ ಹೊತ್ತಿಗೆ, ಪ್ರಾಚೀನ ಬೌದ್ಧರನ್ನು ಇಂದಿನ ವಿಚಾರವಾದಿಗಳ ಪೂರ್ವಜರೆಂದು ಚಿತ್ರಿಸುವ ಬರಹಗಳೂ ಈ ಸ್ತೂಪಗಳನ್ನು ಮರೆತಿರುತ್ತವೆ.

ಮೂಲ

ಕರ್ನಾಟಕದ ನೆಲದಲ್ಲಿ ನೀತಿಯನ್ನು ಕುರಿತು ಸಿಗುವ ಅತಿ ಹಳೆಯ ಬರಹಗಳು ಅಶೋಕನ ಶಾಸನಗಳು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದರು. ತಂದೆತಾಯಿಯರ ಮಾತು ಕೇಳುವುದು, ಗುರುಹಿರಿಯರನ್ನು ಗೌರವಿಸುವುದು, ಪ್ರಾಣಿಗಳಲ್ಲಿ ದಯೆ, ಸತ್ಯ ನುಡಿಯುವುದು ಎಂಬಿವು ಅಲ್ಲಿನ ವಿಧಿಗಳು. ಇವನ್ನು ಪಾಲಿಸಲು ಶಾಸನ ಕೊಡುವ ಕಾರಣ ಎರಡು: ಇದು ಹಿಂದಿನಿಂದ ಬಂದ ನಡೆ, ಮತ್ತು ಪ್ರಯತ್ನಪಟ್ಟರೆ ಚಿಕ್ಕವನೂ ಸ್ವರ್ಗವನ್ನು ಪಡೆಯಬಲ್ಲ. ಸ್ವರ್ಗವೂ ದೇವತೆಗಳೂ ಅಲ್ಲಿವೆ, ಆಜ್ಞಾಪಿಸುವ ದೇವರು ಮಾತ್ರ ಇಲ್ಲ. ಆಜ್ಞೆ ಬರುವುದು ಅರಸನಿಂದ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ಬೆಳಕಿಗೆ ಬಂದ ಶಿಲೆಯಲ್ಲಿ, ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ತೆಗಳದಂತೆ ನಾಲಗೆ ಹಿಡಿತದಲ್ಲಿರಬೇಕು ಎನ್ನುವ ಹನ್ನೆರಡನೆಯ ಶಾಸನವೂ ಇದೆ. ಚಂದ್ರಲಾ ಪರಮೇಶ್ವರಿ ದೇವಾಲಯದ ಆವರಣದ ಕಾಳಿಗುಡಿಯಲ್ಲಿ ಆ ಶಿಲೆ ವಿಗ್ರಹದ ಪೀಠವಾಗಿ ಬಳಕೆಯಾಗಿತ್ತು.

ನಿರೀಶ್ವರವಾದದ ಇನ್ನೊಂದು ಕವಲಾದ ಲೋಕಾಯತ ಅಥವಾ ಚಾರ್ವಾಕ ಮತವು ಪರಲೋಕ, ಪುನರ್ಜನ್ಮ, ಕರ್ಮಫಲ ಎಲ್ಲವನ್ನೂ ತಳ್ಳಿಹಾಕಿತು. ಇದರ ಮೂಲ ಸೂತ್ರಗ್ರಂಥ ಉಳಿದಿಲ್ಲ. ಅದರ ಬಗ್ಗೆ ಹೆಚ್ಚಾಗಿ ಉದ್ಧರಿಸಲಾಗುವ ವಿವರಣೆ ಇರುವುದು 14ನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯ ರಚಿಸಿದ ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯದಲ್ಲಿ. ಅದ್ವೈತಿಯಾದ ಗ್ರಂಥಕಾರ ಚಾರ್ವಾಕವನ್ನು ಮೊದಲಿಗಿಟ್ಟದ್ದು ಮುಂದೆ ಖಂಡಿಸುತ್ತ ಹೋಗಲೆಂದು. ಸಾಲ ಮಾಡಿಯಾದರೂ ಸುಖಪಡು ಎನ್ನುವ ಭೋಗಿಯ ಚಿತ್ರ ಬಹುಮಟ್ಟಿಗೆ ಹೀಗೆ ಎದುರಾಳಿಗಳ ಕೈಯಿಂದ ಬಂದದ್ದು. ದೇವರನ್ನು ನಂಬದವನಿಗೆ ಲಂಗುಲಗಾಮಿಲ್ಲ ಎಂಬ ಜನಪ್ರಿಯ ಅಭಿಪ್ರಾಯಕ್ಕೆ ಅದು ಇಂದಿಗೂ ಬಲ ಕೊಡುತ್ತಿದೆ. ಲೋಕಾಯತರು ತಮ್ಮ ನೀತಿಯನ್ನು ಹೇಗೆ ನಿರೂಪಿಸುತ್ತಿದ್ದರೆಂಬುದಕ್ಕೆ ಅದನ್ನು ಪುರಾವೆಯಾಗಿ ಹಿಡಿಯಬಾರದು.

ಕರ್ಮಫಲದ ಚರ್ಚೆ

ಭಾರತೀಯ ದರ್ಶನಗಳಲ್ಲಿ ನೀತಿ ಮತ್ತು ಈಶ್ವರನ ಸಂಬಂಧ ಮುಖ್ಯವಾಗಿ ಒಂದು ಪ್ರಶ್ನೆಯ ಸುತ್ತ ಸುತ್ತಿದೆ: ಮಾಡಿದ ಕರ್ಮಕ್ಕೆ ಫಲ ಕೊಡುವವರು ಯಾರು? ಒಳ್ಳೆಯದು ಯಾವುದು ಎಂಬುದರಲ್ಲಿ ಪಂಥಗಳ ನಡುವೆ ಅಂಥ ಜಗಳವಿಲ್ಲ. ಬೌದ್ಧರ ಪಂಚಶೀಲವನ್ನೂ ಜೈನರ ಪಂಚಾಣುವ್ರತಗಳನ್ನೂ ಅಕ್ಕಪಕ್ಕ ಇಟ್ಟರೆ ಕೊಲ್ಲದಿರುವುದು, ಕದಿಯದಿರುವುದು, ಸುಳ್ಳಾಡದಿರುವುದು, ಕಾಮದಲ್ಲಿ ಸಂಯಮ ಎಂಬ ನಾಲ್ಕು ಎರಡರಲ್ಲಿಯೂ ಇವೆ. ಐದನೆಯದು ಬೌದ್ಧರಲ್ಲಿ ಮದ್ಯವರ್ಜನ, ಜೈನರಲ್ಲಿ ಅಪರಿಗ್ರಹ. ಬಸವಣ್ಣನವರ ವಚನಗಳು ಶಿವನನ್ನು ನಂಬಿಯೇ ಇದೇ ವಿಧಿಗಳನ್ನು ಹೇಳುತ್ತವೆ. ಭಿನ್ನಾಭಿಪ್ರಾಯ ಹುಟ್ಟುವುದು ಇವನ್ನು ಪಾಲಿಸುವಂತೆ ಮಾಡುವ ಶಕ್ತಿ ಯಾವುದು ಎನ್ನುವಲ್ಲಿ.

ನ್ಯಾಯದರ್ಶನದ ವಾದ ಹೀಗಿದೆ: ಕರ್ಮ ಜಡ, ಮಾಡಿದ ಕ್ಷಣದಲ್ಲೇ ಮುಗಿದುಹೋಗುವ ಕ್ರಿಯೆ ಎಷ್ಟೋ ಕಾಲದ ಮೇಲೆ ತಾನಾಗಿ ಫಲ ಕೊಡಲಾರದು, ಆದ್ದರಿಂದ ಕರ್ಮವನ್ನು ಬಲ್ಲ ಚೇತನನಾದ ಈಶ್ವರ ಬೇಕು. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದವೂ ಫಲ ಬರುವುದು ಈಶ್ವರನಿಂದಲೇ ಎನ್ನುತ್ತದೆ. ಅಲ್ಲಿಯೇ ಜೈಮಿನಿಯ ವಿರುದ್ಧ ಪಕ್ಷವೂ ದಾಖಲಾಗಿದೆ: ಧರ್ಮವೇ ಫಲಕ್ಕೆ ಕಾರಣ, ಈಶ್ವರ ಬೇಕಿಲ್ಲ. ವೇದವನ್ನೇ ಪರಮಪ್ರಮಾಣವೆಂದು ಹಿಡಿದ ಮೀಮಾಂಸಕರು ಹೀಗೆ ಈಶ್ವರನಿಲ್ಲದೆ ನಡೆಯುವ ವಿಧಿಶಾಸ್ತ್ರವನ್ನು ಕಟ್ಟಿದರು. ಕುಮಾರಿಲಭಟ್ಟನ ‘ಶ್ಲೋಕವಾರ್ತಿಕ’ದಲ್ಲಿ ಸೃಷ್ಟಿಕರ್ತನ ನಿರಾಕರಣೆ ವಿಸ್ತಾರವಾಗಿಯೇ ಇದೆ. ಉಡುಪಿಯ ಮಧ್ವಾಚಾರ್ಯರ ದ್ವೈತದಲ್ಲಿ ಇದರ ನೇರ ವಿರೋಧ: ಕರ್ಮ, ಫಲ, ಜೀವ ಎಲ್ಲವೂ ವಿಷ್ಣುವಿನ ಅಧೀನ.

ಜೈನರ ಉತ್ತರದಲ್ಲಿ ಕರ್ಮವೇ ಜೀವಕ್ಕೆ ಅಂಟುವ ಸೂಕ್ಷ್ಮದ್ರವ್ಯ. ಅದು ಅಂಟುವುದಕ್ಕೂ ಮಾಗಿ ಫಲ ಕೊಡುವುದಕ್ಕೂ ಉದುರುವುದಕ್ಕೂ ತನ್ನದೇ ನಿಯಮವುಂಟು; ನ್ಯಾಯಾಧೀಶ ಬೇಡ. ರಾಷ್ಟ್ರಕೂಟ ಅಮೋಘವರ್ಷನ ಗುರುವೆಂದು ಪ್ರಸಿದ್ಧನಾದ ಜಿನಸೇನನು 9ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ‘ಆದಿಪುರಾಣ’ದಲ್ಲಿ ಸೃಷ್ಟಿಕರ್ತವಾದದ ಖಂಡನೆ ಬರುತ್ತದೆ. ಕೃತಕೃತ್ಯನಾದ ದೇವರಿಗೆ ಲೋಕವನ್ನು ಮಾಡುವ ಇಚ್ಛೆ ಏಕೆ, ಲೋಕವಿಲ್ಲದಾಗ ಅವನು ಎಲ್ಲಿದ್ದ, ಸಾಮಗ್ರಿ ಎಲ್ಲಿಂದ ಬಂತು, ದಯಾಳುವಾದರೆ ದುಃಖವನ್ನೇಕೆ ಮಾಡಿದ ಎಂಬ ಬಗೆಯ ಪ್ರಶ್ನೆಗಳ ಸಾಲು ಅದು. ಹನ್ನೊಂದು ಶತಮಾನ ಕಳೆದರೂ ಕನ್ನಡದ ನಿರೀಶ್ವರವಾದಿ ಬರಹಗಾರರು ಕೇಳುವ ಪ್ರಶ್ನೆಗಳು ಬಹುಪಾಲು ಇವೇ. ಆದರೆ ಜಿನಸೇನನಿಗೆ ಕರ್ಮ, ಪುನರ್ಜನ್ಮ, ಸ್ವರ್ಗನರಕಗಳಲ್ಲಿ ಸಂಶಯವಿರಲಿಲ್ಲ. ಈಶ್ವರನನ್ನು ತೆಗೆದರೂ ಶಿಕ್ಷೆಯ ಭಯ ಹಾಗೇ ಉಳಿಯಿತು, ಅದನ್ನು ವಿಧಿಸುವ ಹಸ್ತ ಮಾತ್ರ ಹೋಯಿತು.

ಬೌದ್ಧರು ಒತ್ತು ಕೊಟ್ಟದ್ದು ಚೇತನೆಗೆ, ಅಂದರೆ ಕ್ರಿಯೆಯ ಹಿಂದಿನ ಸಂಕಲ್ಪಕ್ಕೆ. ಸಂಕಲ್ಪವೇ ಕರ್ಮವೆಂದ ಮೇಲೆ ಮನಸ್ಸನ್ನು ತಿದ್ದುವುದೇ ನೀತಿಸಾಧನೆ. ರಾಗ, ದ್ವೇಷ, ಮೋಹಗಳು ಕಡಿಮೆಯಾದಂತೆ ಕೆಟ್ಟದ್ದನ್ನು ಮಾಡುವ ಪ್ರೇರಣೆಯೇ ಬತ್ತುತ್ತದೆ. ಇದರ ಜೊತೆಗೆ ಪಾಲಿ ಗ್ರಂಥಗಳು ಹಿರಿ ಮತ್ತು ಒತ್ತಪ್ಪ ಎಂಬ ಎರಡು ಭಾವಗಳನ್ನು ಲೋಕವನ್ನು ಕಾಯುವ ಶಕ್ತಿಗಳೆಂದು ಹೆಸರಿಸುತ್ತವೆ: ತನ್ನ ಮುಂದೆಯೇ ತಾನು ನಾಚುವುದು, ಹಾಗೂ ಕೆಟ್ಟದ್ದರ ಪರಿಣಾಮಕ್ಕೆ ಅಳುಕುವುದು.

ಕನ್ನಡ ಸಾಹಿತ್ಯದಲ್ಲಿ

ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನನ ‘ಯಶೋಧರ ಚರಿತೆ’ (1209) ನಿರೀಶ್ವರ ನೀತಿಯ ವಿಚಾರವನ್ನು ಕಥೆಯಾಗಿ ಹೇಳುವ ಶ್ರೇಷ್ಠ ಕನ್ನಡ ಕೃತಿ. ಕೆಟ್ಟ ಕನಸಿನ ಶಾಂತಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಒತ್ತಾಯಿಸಿದಾಗ, ಹಿಂಸೆಯನ್ನು ಒಲ್ಲದ ಯಶೋಧರ ಹಿಟ್ಟಿನ ಕೋಳಿಯನ್ನು ಬಲಿಕೊಡಲು ಒಪ್ಪುತ್ತಾನೆ. ಸತ್ತದ್ದು ಹಿಟ್ಟು. ಆದರೂ ಕೊಲ್ಲುವ ಸಂಕಲ್ಪ ಮನಸ್ಸಿನಲ್ಲಿ ನಡೆದುಹೋದದ್ದರಿಂದ ತಾಯಿಮಗ ಇಬ್ಬರೂ ಪ್ರಾಣಿಜನ್ಮಗಳ ಸರಣಿಯನ್ನು ಅನುಭವಿಸಬೇಕಾಗುತ್ತದೆ. ಕಾವ್ಯದಲ್ಲಿ ಚಂಡಮಾರಿ ದೇವಿಯಿದ್ದಾಳೆ, ಅವಳ ಜಾತ್ರೆಯಿದೆ. ಆದರೆ ಶಿಕ್ಷೆ ಅವಳಿಂದ ಬರುವುದಿಲ್ಲ. ಕೊನೆಗೆ ಅವಳೇ ಬಲಿಯನ್ನು ತ್ಯಜಿಸುತ್ತಾಳೆ. ದೇವತೆಗಿಂತ ನೀತಿ ಮೇಲು ಎಂಬುದನ್ನು ದೇವತೆಯಿಂದಲೇ ಒಪ್ಪಿಸಿದ ರೀತಿ ಇದು.

ನಯಸೇನನ ‘ಧರ್ಮಾಮೃತ’ (1112), ಬ್ರಹ್ಮಶಿವನ ‘ಸಮಯಪರೀಕ್ಷೆ’, ವೃತ್ತವಿಲಾಸನ ‘ಧರ್ಮಪರೀಕ್ಷೆ’ಗಳಲ್ಲಿ ಇತರ ಪಂಥಗಳ ದೇವರುಗಳನ್ನೂ ಊರಿನ ಆಚಾರಗಳನ್ನೂ ಗೇಲಿಮಾಡುವ ಭಾಗಗಳಿವೆ. ಇವನ್ನು ವೈಚಾರಿಕ ಸಾಹಿತ್ಯವೆನ್ನುವುದು ಅರ್ಧ ಮಾತ್ರ ಸರಿ. ಪರೀಕ್ಷೆ ಪರರ ದೇವರುಗಳಿಗೆ, ತಮ್ಮ ಆಗಮಕ್ಕಲ್ಲ.

20ನೆಯ ಶತಮಾನದಲ್ಲಿ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ದೇವರ ಕಲ್ಪನೆಯು ಮನುಷ್ಯನ ಇತಿಹಾಸದಲ್ಲಿ ಹುಟ್ಟಿ ಬೆಳೆದು ಬದಲಾದದ್ದನ್ನು ಅಜ್ಜಿಯೊಬ್ಬಳ ಒಳನೋಟದ ಮೂಲಕ ತೋರಿಸಿತು. ಯು.ಆರ್. ಅನಂತಮೂರ್ತಿಯವರ ‘ಭಾರತೀಪುರ’ (1973) ಕಾದಂಬರಿಯ ಜಗನ್ನಾಥ, ಊರಿನ ದೇವರ ಮೇಲಿನ ಭಯ ಕಳಚಿದರೆ ಜನರು ಬದಲಾದಾರೆಂದು ದಲಿತರನ್ನು ದೇವಾಲಯ ಪ್ರವೇಶಕ್ಕೆ ಅಣಿಗೊಳಿಸುತ್ತಾನೆ. ಆ ಬಿಡುಗಡೆ ಅಷ್ಟು ಸಲೀಸಲ್ಲವೆಂದು ಕಾದಂಬರಿ ಕಾಣಿಸುತ್ತದೆ. ನೇರವಾಗಿ ವಿಷಯಕ್ಕೆ ಕೈಹಾಕಿದ ಗದ್ಯಕೃತಿ ಎ.ಎನ್. ಮೂರ್ತಿರಾವ್ (1900–2003) ಅವರ ‘ದೇವರು’ (1991). ತೊಂಬತ್ತು ದಾಟಿದ ಲೇಖಕರು ದೇವರ ಪರವಾದ ವಾದಗಳನ್ನು ಹರಟೆಯ ಸರಳತೆಯಲ್ಲಿ ಪರಿಶೀಲಿಸಿ, ನಂಬಲಾಗದು ಎಂಬಲ್ಲಿಗೆ ಬರುತ್ತಾರೆ. ನಂಬುವವರನ್ನು ಹೀಯಾಳಿಸದ ದನಿಯಿಂದಾಗಿ ದೇವರಲ್ಲಿ ನಂಬಿಕೆಯುಳ್ಳ ಓದುಗರೂ ಅದನ್ನು ಕೊಂಡು ಓದಿದರು.

ದೇವರ ಭಯ ಮತ್ತು ನಡತೆ

ನಂಬಿಕೆಯೇ ನಡತೆಯನ್ನು ಕಾಯುತ್ತದೆ ಎನ್ನುವ ಪಕ್ಷಕ್ಕೆ ಕರ್ನಾಟಕದ ಜನಜೀವನದಲ್ಲಿ ಬಲವಾದ ಉದಾಹರಣೆಗಳಿವೆ. ಸಾಲ, ಗಡಿ, ಕಳವಿನ ವ್ಯಾಜ್ಯಗಳಲ್ಲಿ ದೇವರ ಮುಂದೆ ಆಣೆ ಹಾಕಿಸುವುದು ಎಲ್ಲ ಸೀಮೆಗಳಲ್ಲಿಯೂ ಇತ್ತು, ಈಗಲೂ ಇದೆ. ಧರ್ಮಸ್ಥಳದಲ್ಲಿ ಸುಳ್ಳಾಣೆ ಇಡಲು ಜನ ಹೆದರುತ್ತಾರೆ. ಮಾತು ಬಿಡದ ಮಂಜುನಾಥ ಎಂಬ ಬಿರುದೇ ಆ ದೇವರಿಗಿದೆ. ಆ ಕ್ಷೇತ್ರದ ಧರ್ಮಾಧಿಕಾರಿಗಳು ಜೈನರು, ಅರ್ಚಕರು ಮಾಧ್ವರು, ದೇವರು ಶಿವ. ಸೃಷ್ಟಿಕರ್ತನನ್ನು ಒಪ್ಪದ ಮತಕ್ಕೆ ಸೇರಿದ ಮನೆತನವೊಂದು ದೇವರಾಣೆಯ ನ್ಯಾಯಪೀಠವನ್ನು ಶತಮಾನಗಳಿಂದ ನಡೆಸಿಕೊಂಡು ಬಂದಿದೆಯೆಂಬುದನ್ನು ನೋಡಿದರೆ, ತತ್ತ್ವದ ವಿಂಗಡಣೆಗಳು ಬದುಕಿನಲ್ಲಿ ಅಷ್ಟು ಕರಾರುವಾಕ್ಕಲ್ಲವೆಂದು ತಿಳಿಯುತ್ತದೆ. ಕೊಡಗಿನ ದೇವರಕಾಡುಗಳಲ್ಲಿ ಮರ ಕಡಿಯದಿರುವುದಕ್ಕೂ, ತುಳುನಾಡಿನ ನಾಗಬನಗಳು ಉಳಿದದ್ದಕ್ಕೂ ದೈವದ ಭಯವೇ ಮುಖ್ಯ ಕಾರಣ. ಪಟ್ಟಣಗಳಲ್ಲಿ ಕಾಂಪೌಂಡ್ ಗೋಡೆಗೆ ದೇವರ ಚಿತ್ರದ ಟೈಲ್ಸ್ ಅಂಟಿಸಿ, ಅಲ್ಲಿ ಮೂತ್ರ ಮಾಡದಂತೆ ತಡೆಯುವ ಉಪಾಯವೂ ಇದೇ ಜಾತಿಗೆ ಸೇರಿದ್ದು.

ಆದರೆ ಎಲ್ಲ ದೇವರೂ ನೀತಿಯ ಕಾವಲುಗಾರರಲ್ಲ. ರಾಜಘಟ್ಟವಿರುವ ತಾಲ್ಲೂಕಿನಲ್ಲೇ ಇರುವ ಘಾಟಿ ಸುಬ್ರಹ್ಮಣ್ಯಕ್ಕೆ ಜನ ಹೋಗುವುದು ಸಂತಾನಕ್ಕೆ, ನಾಗಪ್ರತಿಷ್ಠೆಗೆ, ಸರ್ಪದೋಷ ಪರಿಹಾರಕ್ಕೆ. ಜಾತ್ರೆಯ ಕಾಲದಲ್ಲಿ ದನ ಕೊಳ್ಳುವುದಕ್ಕೆ. ಹರಕೆಯ ಸಂಬಂಧ ಕೊಡುಕೊಳ್ಳುವಿಕೆಯದು. ಬೇಡಿದ್ದು ಆದರೆ ಹೇಳಿಕೊಂಡದ್ದನ್ನು ಒಪ್ಪಿಸಬೇಕು, ಒಪ್ಪಿಸದಿದ್ದರೆ ದೋಷ. ಹಾವನ್ನು ಕೊಂದರೆ ದೋಷ ತಟ್ಟುತ್ತದೆ, ಕೂಲಿಯವನಿಗೆ ಕೂಲಿ ಕೊಡದಿದ್ದರೆ ಅದೇ ದೇವರು ತಟ್ಟುತ್ತಾನೆಂದು ಯಾರೂ ಹೇಳುವುದಿಲ್ಲ. ದೇವರಲ್ಲಿ ನಂಬಿಕೆ ಮತ್ತು ದೇವರು ನೀತಿಯನ್ನು ವಿಚಾರಿಸುತ್ತಾನೆಂಬ ನಂಬಿಕೆ ಬೇರೆಬೇರೆ ಎಂಬುದನ್ನು ಈ ವಿಷಯದ ಚರ್ಚೆಗಳು ಬಹಳ ಸಲ ಮರೆಯುತ್ತವೆ. ಶೀಲವನ್ನು ಸದಾ ನೋಡುತ್ತಿರುವ ದೇವರು ಬೇರೊಂದು ಪರಿಕಲ್ಪನೆ. ವಚನಕಾರರ ಕೂಡಲಸಂಗಮದೇವ, ಗುಹೇಶ್ವರರು ಆ ಬಗೆಯವರು. ಅಲ್ಲಿ ಕಾಯಕ, ದಾಸೋಹ, ಅಂತರಂಗದ ಶುದ್ಧಿಗಳೇ ಪೂಜೆ.

ನಂಬಿಕೆಯಿಂದ ಅನೀತಿಗೂ ಬೆಂಬಲ ದೊರೆತದ್ದುಂಟು. ದೇವದಾಸಿ ಪದ್ಧತಿಯನ್ನು ನಿಲ್ಲಿಸಲು ರಾಜ್ಯವು 1982ರಲ್ಲಿ ಕಾಯಿದೆ ಮಾಡಬೇಕಾಯಿತು. ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯ ಬೆತ್ತಲೆ ಸೇವೆಗೆ ತಡೆ ಬಿದ್ದದ್ದು 1986ರ ಘರ್ಷಣೆಯ ನಂತರ. ಅಸ್ಪೃಶ್ಯತೆ ದೀರ್ಘಕಾಲ ನಿಂತದ್ದು ಮಡಿಯ ಹೆಸರಿನಲ್ಲಿ.

ಆಧುನಿಕ ಕಾಲ

ದೇವರಿಗೂ ನೀತಿಗೂ ನಂಟೇನೆಂಬ ಪ್ರಶ್ನೆ ಯುರೋಪಿನಲ್ಲಿಯೂ ಹಳೆಯದು. ದೇವರಿಗೆ ಪ್ರಿಯವಾದದ್ದರಿಂದ ಒಳ್ಳೆಯದೋ, ಒಳ್ಳೆಯದಾದ್ದರಿಂದ ದೇವರಿಗೆ ಪ್ರಿಯವೋ ಎಂದು ಪ್ಲೇಟೊನ ‘ಯೂಥಿಫ್ರೊ’ ಸಂವಾದದಲ್ಲಿ ಸಾಕ್ರೆಟಿಸ್ ಕೇಳುತ್ತಾನೆ. ನಿರೀಶ್ವರವಾದಿಗಳ ಸಮಾಜವೂ ಸುವ್ಯವಸ್ಥಿತವಾಗಿ ನಡೆಯಬಲ್ಲದು ಎಂದು ಫ್ರಾನ್ಸಿನ ಪಿಯೆರ್ ಬೇಲ್ 1680ರ ದಶಕದಲ್ಲೇ ವಾದಿಸಿದ. ದಕ್ಷಿಣ ಭಾರತದಲ್ಲಿ ಆಧುನಿಕ ನಿರೀಶ್ವರವಾದ ಜಾತಿವಿನಾಶದ ಬೇಡಿಕೆಯೊಂದಿಗೆ ಬೆಳೆಯಿತು. ಸ್ವಾಭಿಮಾನ ಚಳವಳಿಯನ್ನು 1925ರಲ್ಲಿ ಆರಂಭಿಸಿದ ಪೆರಿಯಾರ್ ಇ.ವಿ. ರಾಮಸ್ವಾಮಿ ಈರೋಡಿನ ಕನ್ನಡ ಮನೆಮಾತಿನ ಕುಟುಂಬದವರು. ಆಂಧ್ರದ ಗೋರಾ (ಗೋಪರಾಜು ರಾಮಚಂದ್ರರಾವ್) 1940ರಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿ, ಗಾಂಧೀಜಿಯವರೊಂದಿಗೆ ಈ ವಿಷಯವನ್ನು ಚರ್ಚಿಸಿದರು. ಗಾಂಧೀಜಿ ತಮ್ಮ ಹಿಂದಿನ ನುಡಿಯನ್ನು ತಿರುಗಿಸಿ ಸತ್ಯವನ್ನೇ ದೇವರೆಂದು ಕರೆಯತೊಡಗಿದ್ದು ಅದಕ್ಕೂ ಮುಂಚೆ, 1931ರ ಹೊತ್ತಿಗೆ. ಸತ್ಯವನ್ನು ನಿರಾಕರಿಸದ ನಿರೀಶ್ವರವಾದಿಗಳಿಗೂ ಆ ಮಾತಿನಲ್ಲಿ ಎಡೆಯಿತ್ತು.

ಬಿ.ಆರ್. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದರು. ಮರುವರ್ಷ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ ಕೃತಿಯಲ್ಲಿ, ಇತರ ಮತಗಳಲ್ಲಿ ದೇವರಿಗೆ ಇರುವ ಸ್ಥಾನ ಧಮ್ಮದಲ್ಲಿ ನೀತಿಗೆ ಇದೆಯೆಂದು ಅವರು ಪ್ರತಿಪಾದಿಸಿದರು. ಅವರ ದೃಷ್ಟಿಯಲ್ಲಿ ನೀತಿಯ ಅಗತ್ಯ ಹುಟ್ಟುವುದು ಮನುಷ್ಯ ಮನುಷ್ಯನೊಡನೆ ಬಾಳಬೇಕಾದ್ದರಿಂದ. ಹಿಂದಿನ ಜನ್ಮದ ಕರ್ಮದಿಂದ ಇಂದಿನ ಬಡತನವನ್ನು ವಿವರಿಸುವುದನ್ನು ಅವರು ಒಪ್ಪಲಿಲ್ಲ. ಜಿನಸೇನನಲ್ಲಿ ಉಳಿದಿದ್ದ ಜನ್ಮಾಂತರದ ಶಿಕ್ಷೆಯನ್ನು ಅಂಬೇಡ್ಕರ್ ಹೀಗೆ ಕೈಬಿಟ್ಟರು. ಕರ್ನಾಟಕದಲ್ಲಿ 1970ರ ದಶಕದಿಂದ ಬೆಳೆದ ದಲಿತ ಸಂಘರ್ಷ ಸಮಿತಿ ಮತ್ತು ದಲಿತ ಸಾಹಿತ್ಯದ ಮೇಲೆ ಈ ವಿಚಾರದ ಪ್ರಭಾವ ಗಾಢವಾಗಿದೆ.

ಕನ್ನಡದಲ್ಲಿ ವಿಚಾರವಾದಕ್ಕೆ ಸ್ಥಾನ ತಂದುಕೊಟ್ಟವರಲ್ಲಿ ಕುವೆಂಪು ಮೊದಲಿಗರು. ಅವರು ನಿರೀಶ್ವರವಾದಿಯಲ್ಲ, ಪುರೋಹಿತಶಾಹಿಯ ವಿರೋಧಿ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹಕ್ಕೆ ಅವರು ರೂಪಿಸಿದ ಮಂತ್ರಮಾಂಗಲ್ಯ ಪದ್ಧತಿ ಪುರೋಹಿತರಿಲ್ಲದೆ, ವರದಕ್ಷಿಣೆಯಿಲ್ಲದೆ ನಡೆಯುವ ಮದುವೆಯಾಗಿ ಇಂದಿಗೂ ಬಳಕೆಯಲ್ಲಿದೆ. ಸಂಘಟಿತ ವಿಚಾರವಾದಕ್ಕೆ ಮುಖ ಕೊಟ್ಟವರು ಎಚ್. ನರಸಿಂಹಯ್ಯ (1920–2005). ದೊಡ್ಡಬಳ್ಳಾಪುರಕ್ಕೆ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದವರು. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯನ್ನು ರಚಿಸಿದರು. ಪವಾಡಗಳನ್ನು ಸಮಿತಿಯ ಮುಂದೆ ಮಾಡಿತೋರಿಸುವಂತೆ ಸತ್ಯ ಸಾಯಿಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಅವಿವಾಹಿತರಾಗಿ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬಾಳಿದ ಈ ಗಾಂಧಿವಾದಿಯ ಸರಳ ಜೀವನ, ಪವಾಡಗಳನ್ನು ಒಪ್ಪದವನಿಗೆ ಶೀಲವಿರದೆಂಬ ಮಾತನ್ನು ವಾದವಿಲ್ಲದೆ ಮುಗಿಸಿತು. ಅವರ ಆತ್ಮಕಥೆ ‘ಹೋರಾಟದ ಹಾದಿ’.

ಪ್ರಯೋಗ ಮತ್ತು ಸಮೀಕ್ಷೆಗಳು

ನೀತಿಗೆ ಪ್ರೇರಣೆ ಯಾವುದೆಂಬುದನ್ನು ಮನೋವಿಜ್ಞಾನಿಗಳು ಪ್ರಯೋಗಕ್ಕೆ ಒಡ್ಡಿದ್ದು ಇತ್ತೀಚೆಗೆ. ದೇವರಿಗೆ ಸಂಬಂಧಿಸಿದ ಪದಗಳನ್ನು ಓದಿದವರು ಅಪರಿಚಿತರಿಗೆ ಹೆಚ್ಚು ಹಣ ಬಿಟ್ಟುಕೊಟ್ಟರೆಂದು ಅಜೀಂ ಶರೀಫ್ ಮತ್ತು ಆರಾ ನೊರೆನ್‌ಜಯಾನ್ 2007ರಲ್ಲಿ ವರದಿ ಮಾಡಿದರು. ನ್ಯಾಯಾಲಯ, ಪೊಲೀಸ್ ಮೊದಲಾದ ಪದಗಳಿಂದಲೂ ಅದೇ ಪರಿಣಾಮವಾಯಿತು. 2015ರಲ್ಲಿ ಬೇರೆ ಸಂಶೋಧಕರು ಹೆಚ್ಚು ಜನರನ್ನಿಟ್ಟು ಮತ್ತೆ ಮಾಡಿದಾಗ ಫಲಿತಾಂಶ ಮರುಕಳಿಸಲಿಲ್ಲ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ 2006ರಲ್ಲಿ ವರದಿಯಾದ ಪ್ರಯೋಗದಲ್ಲಿ, ಚಹಾದ ದುಡ್ಡು ಹಾಕುವ ಡಬ್ಬಿಯ ಬಳಿ ಕಣ್ಣುಗಳ ಚಿತ್ರ ಹಚ್ಚಿದ ವಾರಗಳಲ್ಲಿ ಹೂವಿನ ಚಿತ್ರವಿದ್ದ ವಾರಗಳಿಗಿಂತ ಸುಮಾರು ಮೂರು ಪಟ್ಟು ಹಣ ಬಿತ್ತು. ಯಾರೋ ನೋಡುತ್ತಿದ್ದಾರೆಂಬ ಭಾವನೆ ಕೆಲಸ ಮಾಡುತ್ತದೆಂದಾದರೆ, ಆ ಯಾರೋ ದೇವರೇ ಆಗಿರಬೇಕಿಲ್ಲ.

ಇದಕ್ಕಿಂತ ಗಟ್ಟಿಯಾದ ಅಧ್ಯಯನ 2016ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾರಿಷಸ್ ಮತ್ತು ಫಿಜಿಯ ಹಿಂದೂಗಳೂ ಸೇರಿ ಎಂಟು ಸಮುದಾಯಗಳ 591 ಜನರಲ್ಲಿ, ತಮ್ಮ ದೇವರು ಎಲ್ಲವನ್ನೂ ಬಲ್ಲ, ಶಿಕ್ಷಿಸುತ್ತಾನೆ ಎಂದು ನಂಬಿದವರು ದೂರದ ಊರಿನ ಸಮಧರ್ಮೀಯರಿಗೆ ಹಣ ಹಂಚುವಾಗ ಹೆಚ್ಚು ನ್ಯಾಯವಾಗಿ ನಡೆದುಕೊಂಡರು. ಅಲ್ಲಿ ಅಳೆದದ್ದು ಸಮಧರ್ಮೀಯರ ಬಗೆಗಿನ ನಡತೆಯನ್ನು; ಅನ್ಯಧರ್ಮೀಯರ ಬಗ್ಗೆ ಅದರಿಂದ ಏನನ್ನೂ ಹೇಳಲಾಗದು.

ಜನಾಭಿಪ್ರಾಯ ಬೇರೆಯೇ ಸಂಗತಿ. ಭಾರತವೂ ಸೇರಿದ 13 ದೇಶಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕ್ರೂರ ಕೃತ್ಯ ಮಾಡಿದವನೊಬ್ಬನ ವರ್ಣನೆ ಓದಿದವರು ಅವನು ನಿರೀಶ್ವರವಾದಿಯಾಗಿರಬೇಕೆಂದು ಊಹಿಸುವ ಒಲವು ತೋರಿದರು. ಸ್ವತಃ ನಿರೀಶ್ವರವಾದಿಗಳಾದವರಲ್ಲಿಯೂ ಈ ಒಲವು ಕಂಡಿತು. ಪ್ಯೂ ಸಂಶೋಧನಾ ಕೇಂದ್ರವು 34 ದೇಶಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ನೀತಿವಂತನಾಗಲು ದೇವರನ್ನು ನಂಬಲೇಬೇಕು ಎಂದವರ ಮಧ್ಯಕ ಪ್ರಮಾಣ ಶೇ. 45. ಭಾರತದಲ್ಲಿ ಹತ್ತರಲ್ಲಿ ಎಂಟರಷ್ಟು ಮಂದಿ ಹಾಗೆಂದರು.

ಇಂದಿನ ಸ್ಥಿತಿ

ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಡುತ್ತದೆ. ನಂಬದಿರುವ ಸ್ವಾತಂತ್ರ್ಯವೂ ಅದರಲ್ಲಿ ಅಡಗಿದೆ. 1976ರ 42ನೆಯ ತಿದ್ದುಪಡಿಯಿಂದ ಸೇರಿದ 51ಎ ವಿಧಿಯು ವೈಜ್ಞಾನಿಕ ಮನೋಭಾವ, ಮಾನವೀಯತೆ ಬೆಳೆಸಿಕೊಳ್ಳುವುದನ್ನು ನಾಗರಿಕನ ಕರ್ತವ್ಯವೆನ್ನುತ್ತದೆ. ಶಾಸಕರೂ ಸಚಿವರೂ ದೇವರ ಹೆಸರಿನಲ್ಲಾಗಲಿ, ದೃಢಪ್ರತಿಜ್ಞೆಯಿಂದಾಗಲಿ ಅಧಿಕಾರ ಸ್ವೀಕರಿಸಬಹುದು. ನ್ಯಾಯಾಲಯದ ಸಾಕ್ಷಿಗೂ 1969ರ ಪ್ರಮಾಣ ಕಾಯಿದೆ ಅದೇ ಆಯ್ಕೆ ಕೊಟ್ಟಿದೆ.

ಮೌಢ್ಯದ ಹೆಸರಿನ ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆಯನ್ನು ಕರ್ನಾಟಕ 2017ರಲ್ಲಿ ಅಂಗೀಕರಿಸಿತು. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನ ಅದರ ನಿಷೇಧದ ಪಟ್ಟಿಯಲ್ಲಿದೆ. ಪೂಜೆ, ಯಾತ್ರೆ, ಪ್ರದಕ್ಷಿಣೆಗಳಲ್ಲದೆ ಜ್ಯೋತಿಷ್ಯ, ವಾಸ್ತುಗಳಿಗೂ ವಿನಾಯಿತಿ ಸಿಕ್ಕಿದೆ. ಕಾಯಿದೆಯ ಕರಡಿನ ಕಾಲದ ಚರ್ಚೆಗೆ ಹೋಲಿಸಿದರೆ ಕೊನೆಗೆ ಬಂದದ್ದು ಬಹಳ ಮೆದುವಾದ ಪಾಠ. ಮಂಗಳೂರಿನ ನರೇಂದ್ರ ನಾಯಕ್ ಮೊದಲಾದವರು ಪವಾಡ ಬಯಲು ಕಾರ್ಯಕ್ರಮಗಳನ್ನು ಶಾಲೆ ಕಾಲೇಜುಗಳಲ್ಲಿ ನಡೆಸಿಕೊಂಡು ಬಂದಿದ್ದಾರೆ. ವಚನ ಮತ್ತು ಶಾಸನಗಳ ವಿದ್ವಾಂಸ ಎಂ.ಎಂ. ಕಲಬುರ್ಗಿ 2015ರ ಆಗಸ್ಟ್ 30ರಂದು ಧಾರವಾಡದಲ್ಲಿ, ಪತ್ರಕರ್ತೆ ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗುಂಡಿಗೆ ಬಲಿಯಾದ ಬಳಿಕ ಮತವಿಮರ್ಶೆಯ ಸಾರ್ವಜನಿಕ ಚರ್ಚೆಗೆ ಭೀತಿಯ ನೆರಳು ಬಿದ್ದಿದೆ.

ಸೃಷ್ಟಿಕರ್ತನಿಲ್ಲದ ಎರಡು ಹಳೆಯ ಧರ್ಮಗಳ ಅನುಯಾಯಿಗಳು ರಾಜ್ಯದಲ್ಲಿ ಈಗ ಅಲ್ಪಸಂಖ್ಯಾತರು. 2011ರ ಜನಗಣತಿಯಲ್ಲಿ ಕರ್ನಾಟಕದ ಜೈನರು 4,40,280, ಬೌದ್ಧರು 95,710. ಟಿಬೆಟನ್ನರ ದೊಡ್ಡ ನೆಲೆಗಳು ಬೈಲಕುಪ್ಪೆ ಮತ್ತು ಮುಂಡಗೋಡಿನಲ್ಲಿವೆ. ಬೆಂಗಳೂರಿನ ಮಹಾಬೋಧಿ ಸೊಸೈಟಿಯನ್ನು ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದರು. ಅದೇ ಜನಗಣತಿಯಲ್ಲಿ ತಮ್ಮನ್ನು ನಾಸ್ತಿಕರೆಂದು ಬರೆಸಿಕೊಂಡವರು ಇಡೀ ದೇಶದಲ್ಲಿ 33,304 ಮಂದಿ. ಧರ್ಮವನ್ನೇ ನಮೂದಿಸದವರ ಸಂಖ್ಯೆ 28 ಲಕ್ಷವನ್ನು ಮೀರಿತ್ತು. ಅವರಲ್ಲಿ ನಂಬದವರೆಷ್ಟು, ಹೇಳಲಿಚ್ಛಿಸದವರೆಷ್ಟು ಎಂಬುದನ್ನು ಜನಗಣತಿಯ ನಮೂನೆ ಕೇಳುವುದಿಲ್ಲ.